ಹಳೆಯ ಯಂತ್ರ ಎಂದೂ ನುಡಿಯದ ದನಿ

ಒಂದು ಹಳೆಯ ವಾದ್ಯವಿದೆ ಎಂದುಕೊಳ್ಳಿ. ಅದರ ತಯಾರಿಕೆ ನಿಂತು ದಶಕಗಳಾಗಿವೆ. ಅದು ಹೇಗೆ ನುಡಿಯುತ್ತಿತ್ತು ಎಂಬುದನ್ನು ಲೆಕ್ಕ ಹಾಕಿ, ಕಂಪ್ಯೂಟರಿನೊಳಗೆ ಅದರ ಪ್ರತಿರೂಪವೊಂದನ್ನು ಯಾರೋ ಕಟ್ಟಿದ್ದಾರೆ. ಈಗ ಇನ್ನೊಬ್ಬರು ಬಂದು ಆ ಪ್ರತಿರೂಪಕ್ಕೆಂದು ನೂರು ಹೊಸ ದನಿಗಳನ್ನು ಸಿದ್ಧಪಡಿಸುತ್ತಾರೆ. ಮೂಲ ವಾದ್ಯ ತನ್ನ ಕಾಲದಲ್ಲಿ ಈ ನೂರರಲ್ಲಿ ಒಂದನ್ನೂ ನುಡಿದಿರಲಿಲ್ಲ. ಆದರೂ ಕೇಳಿದವರು ‘ಅದೇ ಹಳೆಯ ದನಿ!’ ಎಂದು ಸಂತೋಷಪಡುತ್ತಾರೆ. ಈ ಮಾತು ಸುಳ್ಳೇ? ಸುಳ್ಳಲ್ಲವಾದರೆ ಯಾವ ಅರ್ಥದಲ್ಲಿ ನಿಜ?

ಸಿಂಥಸೈಜರ್ ಬಳಸುವವರ ನಡುವೆ ಇದು ದಿನನಿತ್ಯದ ವ್ಯವಹಾರ. ಇಂಥ ಸಿದ್ಧ ದನಿಗಳಿಗೆ ಪ್ರೀಸೆಟ್ ಎಂದು ಹೆಸರು. 1970ರ ಮಿನಿಮೂಗ್, 1978ರ ಪ್ರಾಫೆಟ್-5, 1983ರ ಯಮಹಾ ಡಿಎಕ್ಸ್7 ಮೊದಲಾದ ಯಂತ್ರಗಳ ಸಾಫ್ಟ್‌ವೇರ್ ಪ್ರತಿರೂಪಗಳು ಇವತ್ತು ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಅವುಗಳಿಗೆ ಹೊಸ ಪ್ರೀಸೆಟ್‌ಗಳ ಕಟ್ಟುಗಳು ಬರುತ್ತಲೇ ಇರುತ್ತವೆ, ಕೆಲವು ಹಣಕ್ಕೆ, ಕೆಲವು ಪುಕ್ಕಟೆಯಾಗಿ. ಸಂಗೀತ ಮಾಡುವವರು ‘ಚೆನ್ನಾಗಿದೆಯೇ?’ ಎಂದಷ್ಟೇ ಕೇಳಿ ಮುಂದೆ ಹೋಗುತ್ತಾರೆ, ಅದು ಸರಿಯೂ ಹೌದು. ನನ್ನ ಸಂಶೋಧನೆ ಮೂಲ ಮತ್ತು ನಕಲುಗಳ ಸುತ್ತ ಇರುವುದರಿಂದ ನನಗೆ ಬೇರೊಂದು ಪ್ರಶ್ನೆ ಕಾಡುತ್ತದೆ. ಹಳೆಯದಕ್ಕೆ ನಿಷ್ಠರಾಗಿರುವುದು ಅಂದರೆ ಏನು? ಅದು ಹಿಂದೆ ಮಾಡಿದ್ದನ್ನೇ ಮತ್ತೆ ಮಾಡಿಸುವುದೋ, ಅದಕ್ಕೆ ಮಾಡಲು ಸಾಧ್ಯವಿದ್ದುದನ್ನು ಮಾಡಿಸುವುದೋ?

ವಿಷಯಕ್ಕೆ ಹೊಸಬರಾದವರಿಗಾಗಿ ಎರಡು ಮಾತು. ವೀಣೆಯ ದನಿಯ ಗುಣವನ್ನು ಮರ, ತಂತಿ, ಬೆರಳು ಸೇರಿ ನಿರ್ಧರಿಸುತ್ತವೆ. ಸಿಂಥಸೈಜರಿನಲ್ಲಿ ಆ ಗುಣವನ್ನು ವಿದ್ಯುತ್ತಿನಿಂದ ಕಟ್ಟಬೇಕು. ಅಲೆ ಯಾವ ಆಕಾರದ್ದು, ಅದರಲ್ಲಿ ಎಷ್ಟನ್ನು ಸೋಸಿ ತೆಗೆಯಬೇಕು, ದನಿ ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನವಾಗಿ ಆರಬೇಕು ಎಂಬುದನ್ನೆಲ್ಲ ಗುಂಡಿ ತಿರುಗಿಸಿ ಗೊತ್ತುಮಾಡಬೇಕು. ಮಿನಿಮೂಗ್‌ಗೆ ನೆನಪಿನ ಶಕ್ತಿ ಇರಲಿಲ್ಲ. ಒಳ್ಳೆಯ ದನಿ ಸಿಕ್ಕರೆ ವಾದಕರು ಗುಂಡಿಗಳ ಸ್ಥಾನವನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಮರುದಿನ ಅದೇ ಗುರುತಿಗೆ ತಿರುಗಿಸಿದರೂ ದನಿ ಕೂದಲೆಳೆಯಷ್ಟು ಬೇರೆಯಾಗಬಹುದಿತ್ತು. ಪ್ರಾಫೆಟ್-5 ಬಂದಾಗ ಯಂತ್ರವೇ 40 ದನಿಗಳನ್ನು ನೆನಪಿಟ್ಟುಕೊಳ್ಳತೊಡಗಿತು. ಡಿಎಕ್ಸ್7 ತನ್ನೊಳಗೆ 32 ದನಿಗಳನ್ನು ಇಟ್ಟುಕೊಂಡೇ ಅಂಗಡಿಗೆ ಬಂತು. ಅದರಲ್ಲಿ ಹೊಸತನ್ನು ಕಟ್ಟುವುದು ಕಷ್ಟದ ಕೆಲಸವಾದ್ದರಿಂದ ಬಹುಪಾಲು ಜನ ಕಾರ್ಖಾನೆ ಕೊಟ್ಟ ದನಿಗಳಲ್ಲೇ ತೃಪ್ತರಾದರು. 11ನೆಯ ಪ್ರೀಸೆಟ್ ‘ಇ. ಪಿಯಾನೊ 1’ ಎಂಬತ್ತರ ದಶಕದ ಪ್ರೇಮಗೀತೆಗಳಲ್ಲಿ ಎಷ್ಟು ಕೇಳಿಸಿತೆಂದರೆ, ಇವತ್ತು ಅದನ್ನು ಕೇಳಿದವರಿಗೆ ವಾದ್ಯಕ್ಕಿಂತ ಮೊದಲು ಆ ದಶಕ ನೆನಪಾಗುತ್ತದೆ.

ಇದಕ್ಕೂ ಕಳಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಳೆಯ ಮಿನಿಮೂಗ್ ಈಗ ಸಂಗ್ರಾಹಕರ ವಸ್ತು, ಅದರ ಬೆಲೆ ಲಕ್ಷಗಳಲ್ಲಿದೆ. ಭಾರತಕ್ಕೆ ಈ ಬಗೆಯ ಯಂತ್ರ ತಡವಾಗಿ ಬಂತು ಎಂದೇನೂ ಅಲ್ಲ. 1969ರಲ್ಲೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೊ ಒಂದನ್ನು ಅಣಿಗೊಳಿಸಿದ್ದರು. ಆದರೆ ಅಹಮದಾಬಾದಿನ ಸಂಸ್ಥೆಯೊಳಗೆ ಬಂದದ್ದು ಮಲೆನಾಡಿನ ಮನೆಯೊಳಗೆ ಬರಲಿಲ್ಲ. ನಮ್ಮಂಥವರಿಗೆ ಸಾಫ್ಟ್‌ವೇರ್ ಪ್ರತಿರೂಪವೇ ಕೈಗೆ ಸಿಕ್ಕ ಮೊದಲ ವಾದ್ಯ. ಭದ್ರೆ ಕೆಂಪಾಗಿ ತುಂಬಿ ಹರಿಯುವ, ಕರೆಂಟು ಹೋದರೆ ಎಂದು ಬರುತ್ತದೋ ಹೇಳಲಾಗದ ಆಷಾಢದಲ್ಲಿ, ಬ್ಯಾಟರಿ ಇರುವಷ್ಟು ಹೊತ್ತು ಹೆಡ್‌ಫೋನ್ ಹಾಕಿಕೊಂಡು ನಾನು ಈ ದನಿಗಳನ್ನು ಕೆದಕುತ್ತೇನೆ. ಈ ಯಂತ್ರಗಳ ಬಗ್ಗೆ ನನಗೆ ಹಳಹಳಿಕೆ ಇರುವುದು ಸಾಧ್ಯವಿಲ್ಲ, ಏಕೆಂದರೆ ನಾನು ಹುಟ್ಟುವ ಮೊದಲೇ ಅವುಗಳ ಕಾಲ ಮುಗಿದಿತ್ತು. ಕಳೆದುಕೊಂಡದ್ದರ ನೋವಿಲ್ಲದವನಿಗೆ ನಿಷ್ಠೆಯ ಪ್ರಶ್ನೆಯನ್ನು ತಣ್ಣಗೆ ನೋಡುವ ಅನುಕೂಲವಿದೆ.

ತತ್ವಶಾಸ್ತ್ರಜ್ಞ ನೆಲ್ಸನ್ ಗುಡ್‌ಮನ್ 1968ರ ತಮ್ಮ ‘ಲ್ಯಾಂಗ್ವೇಜಸ್ ಆಫ್ ಆರ್ಟ್’ ಪುಸ್ತಕದಲ್ಲಿ ಕಲೆಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಚಿತ್ರಕಲೆಯಲ್ಲಿ ಕೃತಿಚೌರ್ಯದ ನಕಲು ಸಾಧ್ಯ. ಎಷ್ಟೇ ಹೋಲಿದರೂ ಇನ್ನೊಬ್ಬ ಬರೆದ ಚಿತ್ರ ಮೂಲವಾಗುವುದಿಲ್ಲ, ಏಕೆಂದರೆ ಆ ಬಟ್ಟೆ, ಆ ಬಣ್ಣ, ಆ ಕೈ ಎಲ್ಲವೂ ಕೃತಿಯ ಭಾಗ. ಪದ್ಯಕ್ಕೆ ಹಾಗಲ್ಲ. ಅಕ್ಷರ ತಪ್ಪದೆ ಪ್ರತಿ ಮಾಡಿದರೆ ಪ್ರತಿಯೂ ಅದೇ ಪದ್ಯ. ಹಳೆಯ ಸಿಂಥಸೈಜರುಗಳಲ್ಲಿ ಈ ಎರಡೂ ಜಾತಿಯವು ಇವೆ. ಹಾಗಾಗಿ ನಮ್ಮ ಪ್ರಶ್ನೆಗೆ ಒಂದೇ ಉತ್ತರ ಸಾಲದು.

ಮೊದಲು ಡಿಎಕ್ಸ್7 ತೆಗೆದುಕೊಳ್ಳೋಣ. ಅದರ ಹಿಂದಿನ ತತ್ವವನ್ನು 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಕೊಂಡರು. ಒಂದು ಅಲೆಯನ್ನು ಇನ್ನೊಂದು ಅಲೆ ನಿಧಾನವಾಗಿ ಅಲುಗಿಸಿದರೆ ನಮಗೆ ಕೇಳುವುದು ಕಂಪನ. ಅಲುಗಿಸುವ ವೇಗ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಕಂಪನ ಕಿವಿಗೆ ಸಿಗದೆ, ದನಿಯ ಬಣ್ಣವೇ ಬದಲಾಗುತ್ತದೆ. ಈ ತತ್ವವನ್ನು ಯಮಹಾ ಕಂಪನಿ ಪರವಾನಗಿ ಪಡೆದು ಯಂತ್ರವಾಗಿಸಿತು. ಡಿಎಕ್ಸ್7ನಲ್ಲಿ ಹೀಗೆ ಪರಸ್ಪರ ಅಲುಗಿಸಬಲ್ಲ 6 ಘಟಕಗಳಿವೆ, ಅವನ್ನು ಜೋಡಿಸುವ 32 ಕ್ರಮಗಳಿವೆ. ಒಂದು ಪ್ರೀಸೆಟ್ ಎಂದರೆ ನೂರೈವತ್ತಕ್ಕೂ ಮಿಕ್ಕ ಸಂಖ್ಯೆಗಳ ಒಂದು ಪಟ್ಟಿ, ಅಷ್ಟೇ. ಡೆಕ್ಸ್ಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ನಾನು ಇಂದು ಒಂದು ದನಿ ಕಟ್ಟಿದರೆ, ಆ ಪಟ್ಟಿಯನ್ನು ತಂತಿಯ ಮೂಲಕ 1983ರ ನಿಜವಾದ ಯಂತ್ರಕ್ಕೆ ಕಳುಹಿಸಬಹುದು. ಯಂತ್ರ ತಕರಾರಿಲ್ಲದೆ ಅದನ್ನು ನುಡಿಯುತ್ತದೆ. ಅಂದರೆ ಈ ದನಿ ಆ ಯಂತ್ರಕ್ಕೆ ಮೊದಲಿನಿಂದಲೂ ಸಾಧ್ಯವಿತ್ತು. ಯಾರೂ ಕೇಳಿರಲಿಲ್ಲ, ಅದು ಹೇಳಿರಲಿಲ್ಲ.

ಹಾಗಾದರೆ ಪ್ರೀಸೆಟ್ ಮಾಡಿದವರು ಏನನ್ನೂ ಸೃಷ್ಟಿಸಲಿಲ್ಲ, ಇದ್ದುದನ್ನು ಹುಡುಕಿದರು ಎನ್ನಬೇಕೆ? ಈ ವಾದದಲ್ಲಿ ಸ್ವಲ್ಪ ಮೋಸವಿದೆ. ವರ್ಣಮಾಲೆಯಲ್ಲಿ ಎಲ್ಲ ಕನ್ನಡ ಕಾವ್ಯವೂ ಆಗಲೇ ಇದೆ ಎಂದು ಹೇಳಿದಂತೆ ಇದು. ಸಾಧ್ಯತೆಗಳ ಸಂಖ್ಯೆ ಮನುಷ್ಯನ ಆಯಸ್ಸನ್ನು ಮೀರಿ ದೊಡ್ಡದಾದಾಗ ಹುಡುಕುವುದಕ್ಕೂ ಮಾಡುವುದಕ್ಕೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಕಣ್ಣುಮುಚ್ಚಿ ಆ ಸಂಖ್ಯೆಗಳನ್ನು ಬದಲಿಸಿದರೆ ಸಿಗುವುದು ಬಹುತೇಕ ಕರ್ಕಶ ಸದ್ದು. ಅಲ್ಲಿಂದ ಒಂದು ದನಿಯನ್ನು ಎತ್ತಿ ತರುವವರಿಗೆ ಏನು ಬೇಕೆಂಬ ಅಂದಾಜು ಇರಬೇಕು, ಸಿಕ್ಕಿದಾಗ ಗುರುತಿಸುವ ಕಿವಿಯೂ ಇರಬೇಕು. ಆ ಆಯ್ಕೆಯೇ ಅವರ ರಚನೆ.

ಮಿನಿಮೂಗ್‌ನ ಕಥೆ ಬೇರೆ. ಅದು ಸಂಖ್ಯೆಗಳ ಯಂತ್ರವಲ್ಲ, ಬಿಡಿಭಾಗಗಳ ಯಂತ್ರ. ಒಂದರ ಟ್ರಾನ್ಸಿಸ್ಟರ್ ಇನ್ನೊಂದರ ಹಾಗಿಲ್ಲ, ಕೋಣೆ ಬಿಸಿಯಾದರೆ ಶ್ರುತಿ ಜಾರುತ್ತದೆ, ವಯಸ್ಸಾದಂತೆ ಗುಣ ಬದಲಾಗುತ್ತದೆ. ಪ್ರತಿರೂಪ ಕಟ್ಟುವವರು ಇಲ್ಲಿ ಒಂದು ಆಯ್ಕೆ ಮಾಡಲೇಬೇಕು. ಕಾರ್ಖಾನೆಯ ನಕ್ಷೆಯಲ್ಲಿರುವ ಆದರ್ಶ ಯಂತ್ರಕ್ಕೆ ನಿಷ್ಠರಾಗುವುದೋ, ಐವತ್ತು ವರ್ಷ ಬಾಳಿದ ಒಂದು ನಿರ್ದಿಷ್ಟ ಯಂತ್ರಕ್ಕೋ? ಈಗಿನ ಹಲವು ಸಾಫ್ಟ್‌ವೇರುಗಳಲ್ಲಿ ‘ವಯಸ್ಸು’ ಹೆಚ್ಚಿಸುವ ಗುಂಡಿಯೇ ಇದೆ. ತಿರುಗಿಸಿದಷ್ಟೂ ಶ್ರುತಿ ಅಲುಗುತ್ತದೆ. ತಯಾರಕರು ಕಷ್ಟಪಟ್ಟು ನಿವಾರಿಸಲು ನೋಡಿದ ದೋಷವೇ ಈಗ ಅಲಂಕಾರವಾಗಿದೆ. ಗುಡ್‌ಮನ್ ಅವರ ವಿಂಗಡಣೆಯಲ್ಲಿ ಇದು ಚಿತ್ರದ ಪಕ್ಕ ನಿಲ್ಲುತ್ತದೆ. ಇಲ್ಲಿ ಹೊಸ ಪ್ರೀಸೆಟ್ ‘ಮಿನಿಮೂಗ್‌ನದೇ’ ದನಿ ಎನ್ನುವುದು ಒಂದು ಅಂದಾಜಿನ ಮಾತು, ಸಾಕ್ಷ್ಯವಲ್ಲ.

ಮೂಲ ಯಂತ್ರ ಯಾವುದಕ್ಕೆಂದು ತಯಾರಾಯಿತೋ ಅದೇ ಅದರ ನಿಜವಾದ ದನಿ ಎಂದು ಕೆಲವರು ವಾದಿಸುತ್ತಾರೆ. ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. ರೋಲಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ಬಾಸ್ ಗಿಟಾರ್ ನುಡಿಸುವವರಿಲ್ಲದಾಗ ಅವರ ಜಾಗ ತುಂಬಲೆಂದು ಬಂದದ್ದು. ಆ ಕೆಲಸ ಅದಕ್ಕೆ ಸರಿಯಾಗಿ ಬರಲಿಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಆದರೆ ಮುಂಬೈಯ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಅದನ್ನೂ ಇನ್ನೆರಡು ರೋಲಂಡ್ ಯಂತ್ರಗಳನ್ನೂ ಸೇರಿಸಿಕೊಂಡು ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ನುಡಿಸಿ ಧ್ವನಿಮುದ್ರಿಸಿದ್ದರು. ಅದು ಹೆಚ್ಚು ಜನರನ್ನು ಮುಟ್ಟಲಿಲ್ಲ. ಕೆಲವು ವರ್ಷಗಳ ನಂತರ ಶಿಕಾಗೊದ ಹುಡುಗರು ಅದೇ ಅಗ್ಗದ ಪೆಟ್ಟಿಗೆಯ ಗುಂಡಿಗಳನ್ನು ನುಡಿಯುತ್ತಿರುವಾಗಲೇ ತಿರುಗಿಸಿ ಹೊಸ ನೃತ್ಯಸಂಗೀತ ಹುಟ್ಟಿಸಿದರು. ಸಿಂಗ್ ಅವರ ಧ್ವನಿಮುದ್ರಿಕೆ 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಅಚ್ಚರಿಪಟ್ಟಿತು. ಟಿಬಿ-303ರ ‘ಸ್ವಂತ’ ದನಿ ಎಂದು ಇಂದು ಎಲ್ಲರೂ ಗುರುತಿಸುವುದು ಅದರ ತಯಾರಕರು ಕನಸಿನಲ್ಲೂ ಎಣಿಸದ ದನಿಯನ್ನು.

ಇದರಿಂದ ನನಗೆ ಒಂದು ಅಳತೆ ಸಿಗುತ್ತದೆ. ಹಳೆಯ ವಾದ್ಯಕ್ಕೆ ನಿಷ್ಠೆ ಎಂದರೆ ಅದರ ಮಿತಿಗೆ ನಿಷ್ಠೆ. ಮಿನಿಮೂಗ್‌ಗೆ ಒಂದು ಸಲಕ್ಕೆ ಒಂದೇ ಸ್ವರ ನುಡಿಯಲು ಬರುತ್ತಿತ್ತು. ಪ್ರತಿರೂಪಗಳು ಏಕಕಾಲಕ್ಕೆ ಹಲವು ಸ್ವರಗಳನ್ನು ನುಡಿಸುತ್ತವೆ, ಮೇಲೆ ಗುಹೆಯ ಪ್ರತಿಧ್ವನಿಯನ್ನೂ ಹೊದಿಸುತ್ತವೆ. ಆ ಸೌಲಭ್ಯ ಬಳಸಿ ಮಾಡಿದ ಪ್ರೀಸೆಟ್ ಕೆಟ್ಟದ್ದೇನಲ್ಲ. ಮಿತಿ ಮೀರುವುದು ಅಪರಾಧವಲ್ಲ. ಮೀರಿದ ಮೇಲೂ ಹಳೆಯ ಹೆಸರನ್ನೇ ಹಚ್ಚಿ ಮಾರುವುದು ಮಾತ್ರ ಸರಿಯಲ್ಲ. ಮಿತಿಯೊಳಗೆ ಇದ್ದುಕೊಂಡು ಯಂತ್ರ ಎಂದೂ ನುಡಿಯದ ದನಿ ತಂದವರನ್ನು ನಾನು ಆ ಯಂತ್ರದ ನಿಜವಾದ ವಾರಸುದಾರರು ಎನ್ನುತ್ತೇನೆ.

ನಮ್ಮ ಕಡೆಯವರಿಗೆ ಇದು ಹೊಸ ವಿಚಾರವೇನಲ್ಲ. ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಮೇಲೆ ಬಂದು ಆಡುವಾಗ ಹಳೆಯ ಪ್ರಸಂಗಗಳ ಜೊತೆ ಹೊಸ ಪ್ರಸಂಗಗಳನ್ನೂ ಆಡುತ್ತವೆ. ಪ್ರಸಂಗ ಹೊಸದಾದ ಮಾತ್ರಕ್ಕೆ ಅದು ಯಕ್ಷಗಾನವಲ್ಲ ಎಂದು ಯಾರೂ ಎದ್ದು ಹೋಗುವುದಿಲ್ಲ. ಪದ್ಯ ಮಟ್ಟಿಗೆ ಕೂತಿದೆಯೇ, ತಾಳಕ್ಕೆ ಒಗ್ಗಿದೆಯೇ, ಕುಣಿತಕ್ಕೆ ಎಡೆ ಕೊಡುತ್ತದೆಯೇ ಎಂದು ನೋಡುತ್ತಾರೆ. ಕಾಫಿ ತೋಟದಲ್ಲೂ ಅಷ್ಟೇ. ಹಿರಿಯರು ಅಕ್ಕರೆಯಿಂದ ‘ಹಳೆಯ ತಳಿ’ ಎನ್ನುವ ಎಸ್.795 ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಕೆಂಟ್ ತಳಿಯೊಂದಿಗೆ ಇನ್ನೊಂದನ್ನು ಕೂಡಿಸಿ 1940ರ ದಶಕದಲ್ಲಿ ಬಿಡುಗಡೆ ಮಾಡಿದ ಅಂದಿನ ಹೊಸ ಗಿಡ. ನಾವು ಹಳೆಯದೆನ್ನುವ ಬಹುಪಾಲು ಸಂಗತಿಗಳು ಯಾರದೋ ಕಾಲದಲ್ಲಿ ಎಚ್ಚರದಿಂದ ಮಾಡಿದ ಹೊಸತುಗಳು.

ವಾದ್ಯದ ಪ್ರತಿರೂಪದ ವಿಷಯದಲ್ಲಿ ಕರ್ನಾಟಕದ್ದೇ ಒಂದು ದೊಡ್ಡ ಉದಾಹರಣೆಯಿದೆ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ರೇಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಮತ್ತು ಶ್ರುತಿಪೆಟ್ಟಿಗೆಗಳನ್ನು ನೋಡದ ಸಂಗೀತ ವಿದ್ಯಾರ್ಥಿ ವಿರಳ. ಈಗ ಆ ಬಗೆಯ ಪೆಟ್ಟಿಗೆಗಳ ಕೆಲಸವನ್ನೂ ಮೊಬೈಲ್ ಆ್ಯಪ್‌ಗಳು ಮಾಡುತ್ತಿವೆ. ಯಕ್ಷಗಾನದ ರಂಗಸ್ಥಳದಲ್ಲೂ ಒಂದು ಕಾಲಕ್ಕೆ ಪುಂಗಿ ಹಿಡಿದಿದ್ದ ಶ್ರುತಿಯನ್ನು ಹಾರ್ಮೋನಿಯಂ ಹಿಡಿಯಿತು, ಅದರ ಜಾಗಕ್ಕೆ ವಿದ್ಯುತ್ತಿನ ಪೆಟ್ಟಿಗೆ ಬಂತು.

ತಂಬೂರಿಯ ದನಿಯಲ್ಲಿ ನಕಲಿಗೆ ಸುಲಭವಾಗಿ ಸಿಗದ ಗುಟ್ಟೊಂದಿದೆ. ಅದರ ಕುದುರೆ ಅಗಲವಾಗಿ, ತುಸು ಬಾಗಿ ಇರುತ್ತದೆ. ಕುದುರೆಗೂ ತಂತಿಗೂ ನಡುವೆ ಹತ್ತಿಯ ಒಂದು ಎಳೆ ಇಡುತ್ತಾರೆ. ಅದನ್ನು ‘ಜೀವ’ ಎಂದು ಕರೆಯುವುದುಂಟು. ಎಳೆಯನ್ನು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ತಂತಿ ಝೇಂಕರಿಸುತ್ತದೆ. ತಂತಿಯನ್ನು ಮೀಟಿದ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಸಬಾರದು ಎಂಬುದು ಭೌತಶಾಸ್ತ್ರದ ಅಂದಿನ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅವೂ ಕೇಳಿಸುತ್ತವೆ, ಕಾರಣ ಆ ಕುದುರೆ ಎಂದು ಸಿ.ವಿ. ರಾಮನ್ 1921ರ ಪ್ರಬಂಧದಲ್ಲಿ ತೋರಿಸಿದರು. ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಕುದುರೆಯೂ ಇಲ್ಲ, ಎಳೆಯೂ ಇಲ್ಲ. ಪಂಚಮವೋ ಮಧ್ಯಮವೋ ಆಯ್ದುಕೊಂಡು, ಶ್ರುತಿ ಇಟ್ಟುಕೊಂಡು ಹಾಡಲು ಕೂತರಾಯಿತು.

ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಪೆಟ್ಟಿಗೆ ತಾನು ತಂಬೂರಿ ಎಂದು ಸೋಗು ಹಾಕದೆ ಶ್ರುತಿ ಹಿಡಿಯುವ ಕೆಲಸ ಮಾಡುತ್ತದೆ. ತಂಬೂರಿ ಕೊಳ್ಳಲಾಗದ, ಕೊಂಡರೂ ಮಲೆನಾಡಿನ ತೇವದಲ್ಲಿ ಅದನ್ನು ಕಾಪಾಡಲಾಗದ ಮನೆಯ ಮಗುವೂ ಅದರಿಂದ ಹಾಡಲು ಕಲಿಯಿತು. ಇದು ಸಣ್ಣ ನ್ಯಾಯವಲ್ಲ. ಆದರೆ ಒಂದು ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿರಡೆ ತಿರುಗಿಸಿ, ಎಳೆ ಸರಿಸಿ ತಂಬೂರಿ ಕೂಡಿಸುವ ಆ ಹತ್ತು ನಿಮಿಷ ಕಿವಿಗೆ ಪಾಠವಾಗಿತ್ತು. ಸಿದ್ಧವಾದದ್ದು ಕೈಗೆ ಬಂದಾಗ ಆ ಪಾಠ ತಪ್ಪುತ್ತದೆ. ಪ್ರೀಸೆಟ್ ಕುರಿತ ನನ್ನ ಎರಡನೆಯ ಅಳತೆ ಇಲ್ಲಿಂದ ಬಂದದ್ದು. ಅದು ತೆರೆದು ನೋಡಬಹುದಾದದ್ದೋ, ಮುಚ್ಚಿದ ಡಬ್ಬಿಯೋ? ಡಿಎಕ್ಸ್7ನ ಪ್ರೀಸೆಟ್‌ನಲ್ಲಿ ಎಲ್ಲ ಸಂಖ್ಯೆಗಳೂ ಕಣ್ಣಿಗೆ ಕಾಣುತ್ತವೆ. ಒಂದನ್ನು ಬದಲಿಸಿ ಏನಾಗುತ್ತದೆಂದು ಕೇಳಬಹುದು. ಒಳ್ಳೆಯ ಪ್ರೀಸೆಟ್ ಕಲಿಯುವವನಿಗೆ ಬಿಡಿಸಿ ಬರೆದ ಲೆಕ್ಕದ ಹಾಗೆ. ಉತ್ತರ ಮಾತ್ರ ನೋಡಿ ಮುಚ್ಚಿಡುವವನದ್ದು ಅವನ ನಷ್ಟ.

ಇನ್ನು ಹೆಸರಿನ ಪ್ರಶ್ನೆ. ಇದು ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಡಿಎಕ್ಸ್7ನ 32 ಕಾರ್ಖಾನೆ ದನಿಗಳಲ್ಲಿ 23ನೆಯದರ ಹೆಸರು ‘ಕೊಟೊ’, ಅದು ಜಪಾನಿನ ತಂತಿವಾದ್ಯ. ಯಂತ್ರ ಮಾಡಿದವರು ಜಪಾನಿನವರು, ತಮ್ಮ ವಾದ್ಯಕ್ಕೆ ಒಂದು ಜಾಗ ಇಟ್ಟುಕೊಂಡರು. 1991ರಲ್ಲಿ ಎಲ್ಲ ಕಂಪನಿಗಳ ಕೀಬೋರ್ಡುಗಳಿಗೂ ಹೊಂದುವಂತೆ 128 ದನಿಗಳ ಸಮಾನ ಪಟ್ಟಿಯೊಂದು ಬಂತು. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆ ಇಲ್ಲ, ತಂಬೂರಿ ಇಲ್ಲ, ಮೃದಂಗ ಇಲ್ಲ, ಚಂಡೆ ಮದ್ದಳೆಗಳ ಮಾತೇ ಇಲ್ಲ. ಯಾವುದು ವಾದ್ಯ, ಯಾವುದು ಲೆಕ್ಕಕ್ಕಿಲ್ಲ ಎಂಬುದನ್ನು ಒಂದು ಪಟ್ಟಿ ಸದ್ದಿಲ್ಲದೆ ತೀರ್ಮಾನಿಸಿಬಿಟ್ಟಿತು. ಹೊಸ ಪ್ರೀಸೆಟ್ ಮಾಡುವವರಿಗೆ ಈ ಪಟ್ಟಿಯನ್ನು ತಿದ್ದುವ ಅವಕಾಶವಿದೆ. ಜೊತೆಗೆ ಹೊಸ ಸುಳ್ಳು ಸೇರಿಸುವ ಅವಕಾಶವೂ ಇದೆ.

ನಾನು ಡೆಕ್ಸ್ಡ್‌ನಲ್ಲಿ ಗಂಟೆಯಂಥ ದನಿಯೊಂದನ್ನು ಕಟ್ಟುತ್ತಿದ್ದೇನೆ. ಎರಡು ಅಲೆಗಳ ಅನುಪಾತ ಪೂರ್ಣಾಂಕವಾಗಿದ್ದರೆ ದನಿ ತಂತಿಯಂತೆ, ಕೊಳವೆಯಂತೆ ಕೇಳುತ್ತದೆ. ಪೂರ್ಣಾಂಕವಲ್ಲದಿದ್ದರೆ ಲೋಹದ ಗುಣ ಬರುತ್ತದೆ. ಚೌನಿಂಗ್ ತಮ್ಮ 1973ರ ಪ್ರಬಂಧದಲ್ಲಿ ಗಂಟೆಗೆ 1ಕ್ಕೆ 1.4ರ ಅನುಪಾತ ಕೊಟ್ಟಿದ್ದಾರೆ. ಅಲ್ಲಿಂದ ಆರಂಭಿಸಿ, ದನಿ ನಿಧಾನ ಆರುವಂತೆ ಮಾಡಿ, ಕೊನೆಯಲ್ಲಿ ಸಣ್ಣ ಅಲುಗಾಟ ಇಟ್ಟಿದ್ದೇನೆ. ಕೇಳಿದ ಗೆಳೆಯರೊಬ್ಬರು ‘ಕಳಸೇಶ್ವರನ ಗಂಟೆ ಎಂದು ಹೆಸರಿಡು, ಜನ ಇಷ್ಟಪಡುತ್ತಾರೆ’ ಎಂದರು. ಇಡಬಹುದೇ? ದೇವಸ್ಥಾನದ ಮೆಟ್ಟಿಲುಗಳ ಮೇಲಿಂದ, ಮಂಜಿನೊಳಗಿಂದ ಬರುವ ಆ ಗಂಟೆಯ ಸದ್ದನ್ನು ನಾನು ಅಳೆದಿಲ್ಲ, ಧ್ವನಿಮುದ್ರಿಸಿಲ್ಲ. ನನ್ನ ದನಿ ಅದನ್ನು ನೆನಪಿಸುವುದೂ ನನಗಷ್ಟೇ. ಎಲ್ಲೋ ಇರುವ ಕೇಳುಗ ಆ ಹೆಸರು ನಂಬಿ ‘ಕಳಸದ ಗಂಟೆ ಹೀಗೆ’ ಎಂದುಕೊಂಡರೆ, ನಾನು ಕಳಸಕ್ಕೆ ಜಾಗ ಕೊಟ್ಟ ಹಾಗಲ್ಲ, ಕಳಸದ ಜಾಗದಲ್ಲಿ ನನ್ನನ್ನು ಕೂರಿಸಿದ ಹಾಗೆ. ಪಟ್ಟಿಯಲ್ಲಿ ನಮ್ಮ ವಾದ್ಯ ಇಲ್ಲದಿರುವುದು ಒಂದು ಬಗೆಯ ಅನ್ಯಾಯ. ಅದರ ಹೆಸರಿನಲ್ಲಿ ಅದಲ್ಲದ್ದು ಇರುವುದು ಇನ್ನೊಂದು ಬಗೆಯದು, ಮತ್ತು ತಿದ್ದಲು ಹೆಚ್ಚು ಕಷ್ಟವಾದದ್ದು. ಖಾಲಿ ಜಾಗ ಯಾವಾಗಲಾದರೂ ತುಂಬಬಹುದು ಎಂಬ ಆಸೆ ಉಳಿಸುತ್ತದೆ, ತುಂಬಿದ ಜಾಗ ಉಳಿಸುವುದಿಲ್ಲ. ಹಾಗಾಗಿ ಆ ದನಿಗೆ ‘ಆಷಾಢ 3’ ಎಂದು ಹೆಸರಿಟ್ಟಿದ್ದೇನೆ. ಯಾವಾಗ ಮಾಡಿದ್ದು, ಎಷ್ಟನೆಯ ಪ್ರಯತ್ನ ಎಂಬುದನ್ನಷ್ಟೇ ಅದು ಹೇಳುತ್ತದೆ.

ಹೆಸರಿನ ಇನ್ನೊಂದು ಮುಖ ಋಣ. ಡಿಎಕ್ಸ್7ನ ಕಾರ್ಖಾನೆ ದನಿಗಳನ್ನು ರೂಪಿಸುವಲ್ಲಿ ಡೇವ್ ಬ್ರಿಸ್ಟೊ ಮತ್ತು ಗ್ಯಾರಿ ಲ್ಯೂಯೆನ್‌ಬರ್ಗರ್ ಅವರ ಕೈ ದೊಡ್ಡದು. ಆ ದನಿಗಳನ್ನು ಕೋಟ್ಯಂತರ ಜನ ಕೇಳಿದ್ದಾರೆ, ಈ ಎರಡು ಹೆಸರುಗಳನ್ನು ಕೇಳಿದವರು ಬಹಳ ಕಡಿಮೆ. ಹಾಡಿನ ಕವಿ, ಸಂಯೋಜಕ, ಗಾಯಕರ ಹೆಸರು ಕ್ಯಾಸೆಟ್ಟಿನ ಮೇಲೆ ಇರುತ್ತಿತ್ತು. ಹಾಡಿಗೆ ಬಣ್ಣ ಕೊಟ್ಟ ದನಿಯನ್ನು ಕಟ್ಟಿದವರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಜನಪದದಲ್ಲೂ ಮಟ್ಟು ಕಟ್ಟಿದವರ ಹೆಸರು ಉಳಿದಿಲ್ಲವಲ್ಲ ಎನ್ನಬಹುದು. ಆದರೆ ಅಲ್ಲಿ ಹೆಸರು ಅಳಿದದ್ದು ಎಲ್ಲರೂ ಅದನ್ನು ತಮ್ಮದಾಗಿಸಿಕೊಂಡದ್ದರಿಂದ. ಇಲ್ಲಿ ಅಳಿಯುವುದು ಸಿದ್ಧವಾಗಿ ಸಿಕ್ಕದ್ದನ್ನು ಯಾರೋ ಮಾಡಿದ್ದಾರೆಂಬ ಯೋಚನೆಯೇ ಬಾರದ್ದರಿಂದ. ಗುಂಡಿ ಒತ್ತಿದರೆ ಬರುವ ಎಲ್ಲದರ ವಿಷಯದಲ್ಲೂ ಈ ಮರೆವು ನಮಗೆ ಅಭ್ಯಾಸವಾಗುತ್ತಿದೆ.

‘ಅದೇ ಹಳೆಯ ದನಿ’ ಎಂಬ ಮಾತು ಸುಳ್ಳೇ ಎಂದು ಆರಂಭದಲ್ಲಿ ಕೇಳಿದ್ದೆ. ಹಳೆಯ ಯಂತ್ರದ ಮಿತಿಯೊಳಗೆ ನಿಂತು ಮಾಡಿದ್ದಾದರೆ, ಕಲಿಯುವವರಿಗೆ ತೆರೆದಿಟ್ಟಿದ್ದಾದರೆ, ತನ್ನದಲ್ಲದ ಹೆಸರನ್ನು ಹೊರದೆ ತನ್ನ ಋಣವನ್ನು ಹೇಳಿಕೊಂಡಿದ್ದಾದರೆ ಆ ಮಾತನ್ನು ನಿಜ ಎಂದೇ ಒಪ್ಪುತ್ತೇನೆ. ಹಳೆಯದು ಹಿಂದೆ ಮಾಡಿದ ಕೆಲಸದ ದಾಖಲೆ ಸಂಗ್ರಹಾಲಯದಲ್ಲಿ ಸಿಗುತ್ತದೆ. ಅದಕ್ಕೆ ಇನ್ನೂ ಏನು ಸಾಧ್ಯವಿದೆ ಎಂದು ತಿಳಿಯಬೇಕಾದರೆ ಯಾರಾದರೂ ಕೂತು ಅದನ್ನು ನುಡಿಸಬೇಕು.